ಬಾಯಿಮಾತಿಗೆ ಕಾರು ಕೊಳ್ಳಬೇಡಿ

ನಮಸ್ಕಾರ. ನಾನು ತುಮಕೂರಿನಲ್ಲಿ ವಕೀಲ, ಗ್ರಾಹಕರ ಕೇಸುಗಳನ್ನೇ ಜಾಸ್ತಿ ನಡೆಸುವವನು. ಹೊಸ ಕಾರು ಕೊಳ್ಳುವವರಿಗೆ ನಾಲ್ಕು ಮಾತು ಹೇಳಿ ಅಂತ ಬಾನುಲಿಯವರು ಕರೆದಿದ್ದಾರೆ. ನನ್ನ ಹತ್ತಿರ ನಾಲ್ಕು ಮಾತಿಲ್ಲ, ಒಂದೇ ಇದೆ. ಬರೆಸಿಕೊಳ್ಳಿ. ಶೋರೂಮಿನವರು ಏನೇ ಹೇಳಲಿ, ಬರೆಸಿಕೊಳ್ಳಿ.

ನಮ್ಮ ಭಾವನ ಕಥೆ ಹೇಳುತ್ತೇನೆ. ಅವರು ತಿಪಟೂರಿನಲ್ಲಿ ಉಂಡೆ ಕೊಬ್ಬರಿ ವ್ಯಾಪಾರ ಮಾಡುತ್ತಾರೆ. ತೂಕದ ಚೀಟಿ ಕೈಗೆ ಬಾರದೆ ಒಂದು ಮೂಟೆಯನ್ನೂ ಲಾರಿಗೆ ಹತ್ತಿಸದ ಮನುಷ್ಯ. ಅಂಥವರು ಕಾರಿನ ಶೋರೂಮಿಗೆ ಹೋದರು ನೋಡಿ, ಎಸಿ ಗಾಳಿ, ಕೈಗೊಂದು ಕಾಫಿ, 'ಬನ್ನಿ ಸರ್, ಕೂತ್ಕೊಳ್ಳಿ ಸರ್' ಅನ್ನುವ ಹುಡುಗ, ಅಷ್ಟಕ್ಕೇ ಕರಗಿಹೋದರು. ಓಡಿಸಿ ನೋಡಲು ಕೊಟ್ಟಿದ್ದು ಟಾಪ್ ಮಾಡೆಲ್. ಹೆಚ್ಚಿನ ಕಡೆ ಹಾಗೇ, ಓಡಿಸಲು ಕೊಡುವುದು ಸಾಮಾನ್ಯವಾಗಿ ಟಾಪ್ ಮಾಡೆಲ್ಲೇ. ಭಾವ ಬುಕ್ ಮಾಡಿದ್ದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. 'ಇದರಲ್ಲಿರೋದೆಲ್ಲ ಅದರಲ್ಲೂ ಬರುತ್ತಾ?' ಎಂದು ಕೇಳಿದ್ದಾರೆ. 'ಎಲ್ಲಾ ಬರುತ್ತೆ ಸರ್, ಸೀಟಿನ ಬಟ್ಟೆ ಒಂದು ಬೇರೆ, ಅಷ್ಟೇ. 6 ಏರ್‌ಬ್ಯಾಗ್, ರಿವರ್ಸ್ ಕ್ಯಾಮೆರಾ, ಟೆನ್ಷನ್ ಬೇಡ.' ಭಾವ ಸಹಿ ಹಾಕಿದರು. ನನಗೊಂದು ಫೋನ್ ಮಾಡಬೇಕಿತ್ತು, ಅಲ್ವಾ? ಮಾಡಲಿಲ್ಲ.

ಕಾರು ಬಂತು, ಕೆಎ 44 ನಂಬರ್ ಬಿತ್ತು, ಪೂಜೆಯೂ ಆಯಿತು. ಮೂರನೇ ದಿನ ಅಕ್ಕ ಅಂಗಳದಲ್ಲಿ ರಿವರ್ಸ್ ತೆಗೆದಿದ್ದಾಳೆ. ಹಿಂದಿನಿಂದ ಕೀಂ ಕೀಂ ಅಂತ ಶಬ್ದ ಬರುತ್ತಿದೆ, ಇವಳು ಸ್ಕ್ರೀನ್ ಮೇಲೆ ಚಿತ್ರ ಬರಲಿ ಅಂತ ನೋಡುತ್ತಲೇ ಇದ್ದಾಳೆ. ಚಿತ್ರ ಬರಲಿಲ್ಲ, ತೆಂಗಿನಕಾಯಿ ರಾಶಿ ಬಂತು. ಬಂಪರ್ ಒಳಗೆ ಹೋಯಿತು. ಕ್ಯಾಮೆರಾ ಇರಲೇ ಇಲ್ಲ, ಇದ್ದದ್ದು ಬರೀ ಸೆನ್ಸರ್. ಆಮೇಲೆ ಕೂತು ಪುಸ್ತಕ ತೆಗೆದು ಓದಿದರೆ ಏರ್‌ಬ್ಯಾಗ್ ಕೂಡ 6 ಅಲ್ಲ, 2.

ಇಲ್ಲೊಂದು ತಮಾಷೆ ಇದೆ. ಹಿಂದಿನ ಪಾರ್ಕಿಂಗ್ ಸೆನ್ಸರ್ 2019ರ ಜುಲೈನಿಂದ ಹೊಸ ಕಾರುಗಳಿಗೆ ಕಡ್ಡಾಯ. ಡ್ರೈವರ್ ಕಡೆಯ ಏರ್‌ಬ್ಯಾಗ್ ಕೂಡ ಆಗಿನಿಂದಲೇ ಕಡ್ಡಾಯ, ಪಕ್ಕದ ಸೀಟಿನದು 2021ರ ಕೊನೆಯ ಹೊತ್ತಿಗೆ ಎಲ್ಲಾ ಹೊಸ ಕಾರಿಗೂ ಕಡ್ಡಾಯವಾಯಿತು. ಅಂದರೆ 6 ಏರ್‌ಬ್ಯಾಗ್, ಕ್ಯಾಮೆರಾ ಅಂತ ಹೇಳಿ ಆ ಹುಡುಗ ಮಾರಿದ್ದು ಕಾನೂನಿನ ಪ್ರಕಾರ ಕೊಡಲೇಬೇಕಾದ್ದನ್ನು ಮಾತ್ರ.

ಭಾವ ಶೋರೂಮಿಗೆ ಓಡಿದರು. ಆ ಹುಡುಗ ಕೆಲಸ ಬಿಟ್ಟು ಹೋಗಿದ್ದ. ಮ್ಯಾನೇಜರ್ ಬುಕಿಂಗ್ ಫಾರಂ ತೆಗೆದು ತೋರಿಸಿದರು: ಮಾಡೆಲ್ ಹೆಸರು, ಕೆಳಗೆ ಭಾವನ ಸಹಿ. 'ನಾವು ಬರೆದಿರೋದೇ ಕೊಟ್ಟಿದ್ದೀವಿ ಸರ್.' ಕ್ಯಾಮೆರಾ ಬೇಕಾದರೆ ಹಾಕಿಕೊಡುತ್ತಾರಂತೆ, ದುಡ್ಡು ಬೇರೆ.

ಭಾವನನ್ನು ಉಳಿಸಿದ್ದು ಅಕ್ಕ. ಬುಕ್ ಮಾಡುವ ಹಿಂದಿನ ರಾತ್ರಿ ಆ ಹುಡುಗನಿಗೆ ಮಾಡೆಲ್ ಹೆಸರು ಬರೆದು, 'ಇದಕ್ಕೆ ಕ್ಯಾಮೆರಾ ಬರುತ್ತಾ?' ಅಂತ ವಾಟ್ಸಾಪ್ ಮಾಡಿದ್ದಳು. 'ಬರುತ್ತೆ ಮೇಡಂ' ಅಂತ ಉತ್ತರ, ಜೊತೆಗೊಂದು ಹೆಬ್ಬೆಟ್ಟಿನ ಚಿತ್ರ. ಆ ಎರಡು ಪದ ಇಟ್ಟುಕೊಂಡು ನಾನು ನೋಟಿಸ್ ಕಳಿಸಿದೆ. ವಾರದೊಳಗೆ ಪುಕ್ಕಟೆ ಕ್ಯಾಮೆರಾ ಬಂತು. ಏರ್‌ಬ್ಯಾಗ್ ಬಗ್ಗೆ ಮಾತ್ರ ಯಾರೂ ಏನೂ ಬರೆದಿರಲಿಲ್ಲ, ಅದನ್ನು ಆಮೇಲೆ ಕೂರಿಸಲೂ ಆಗುವುದಿಲ್ಲ. ಅಕ್ಕನ ಕಾರಿನಲ್ಲಿ ಇವತ್ತಿಗೂ 2.

ಅದಕ್ಕೇ ಹೇಳುವುದು, ಬರೆಸಿಕೊಳ್ಳಿ. ನಿಮಗೆ ಬೇಕಾದ್ದನ್ನು ಒಂದು ಹಾಳೆಯಲ್ಲಿ ನೀವೇ ಬರೆಯಿರಿ, 'ಈ ಮಾಡೆಲ್‌ಗೆ ಇಷ್ಟೂ ಬರುತ್ತೆ' ಅಂತ ಶೋರೂಮಿನ ಸೀಲು, ಸಹಿ ಹಾಕಿಸಿ. ಹಾಕಲ್ಲ ಅಂದರೆ ಎದ್ದು ಬನ್ನಿ. ಕಾಫಿ ಕುಡಿದಿದ್ದೀವಲ್ಲ ಅಂತ ಸಂಕೋಚ ಬೇಡ! ರಿಜಿಸ್ಟ್ರೇಷನ್ ಆಗುವ ಮೊದಲೇ ಕಾರಿನ ಹತ್ತಿರ ಹೋಗಿ ಆ ಹಾಳೆ ಹಿಡಿದು ಒಂದೊಂದೇ ನೋಡಿ. ನಿಮ್ಮ ಹೆಸರಿಗೆ ಆದಮೇಲೆ ವಾಪಸ್ ಕೊಡುವುದು ಸುಲಭವಲ್ಲ.

ಮೋಸ ಆಗಿಯೇ ಹೋಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಅಲ್ಲೇ ಆಗುತ್ತದೆ. 2019ರ ಗ್ರಾಹಕರ ರಕ್ಷಣಾ ಕಾಯ್ದೆ ಬಂದಮೇಲೆ ನೀವು ಇರುವ ಊರಿನ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಾರು ಬೆಂಗಳೂರಲ್ಲಿ ಕೊಂಡಿದ್ದರೂ ಸರಿ. 10 ಲಕ್ಷದಿಂದ 20 ಲಕ್ಷದ ಕಾರಿಗೆ ಶುಲ್ಕ 400 ರೂಪಾಯಿ. ವಕೀಲರೇ ಬೇಕು ಅಂತಿಲ್ಲ, ಇದನ್ನು ಹೇಳುತ್ತಿರುವವನು ವಕೀಲ. 2 ವರ್ಷದೊಳಗೆ ಹೋಗಬೇಕು. ಬರಿಗೈಯಲ್ಲಿ ಮಾತ್ರ ಹೋಗಬೇಡಿ. ಅಲ್ಲಿ ಮೊದಲು ಕೇಳುವುದೇ, ಏನಾದರೂ ಬರೆದುಕೊಟ್ಟಿದ್ದಾರಾ ಅಂತ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಇನ್ಶೂರೆನ್ಸ್ ಬಗ್ಗೆ ಹೇಳಬೇಕು ಅಂತಲೇ ಬಂದಿದ್ದೆ, ಭಾವನ ಕಥೆಯಲ್ಲೇ ಹೊತ್ತು ಹೋಯಿತು. ಶೋರೂಮಿನಲ್ಲೇ ಮಾಡಿಸಬೇಕು ಅಂತ ಕಾನೂನಿಲ್ಲ, ಹೊರಗೂ ವಿಚಾರಿಸಿ, ಅಷ್ಟೇ ಸಾಕು. ಕೊನೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್, 1915. ಬರೆದುಕೊಂಡಿರಾ? ಸುಮ್ನೆ ಕೇಳಿಸಿಕೊಂಡರೆ ಆಗಲ್ಲ, ಪೆನ್ನು ತಗೊಳ್ಳಿ. 1915. ನಮಸ್ಕಾರ.