36 ಗಂಟೆ, 21 ದಿನ

ಕೇಳುಗರಿಗೆ ನಮಸ್ಕಾರ. ಯಕ್ಷಗಾನದ ಧ್ವನಿಮುದ್ರಣಗಳಿಗೆಂದೇ ಒಬ್ಬರು ಜಾಲತಾಣ ನಡೆಸುತ್ತಿದ್ದಾರೆ ಎನ್ನಿ. ಯಾರು ಬೇಕಾದರೂ ಅಲ್ಲಿ ಆಡಿಯೊ ಹಾಕಬಹುದು. ‘ಇದು ನನ್ನ ಧ್ವನಿಸುರುಳಿ, ಕೇಳದೆ ಹಾಕಿದ್ದೀರಿ’ ಎಂದು ಹಕ್ಕುದಾರರು ಬಂದರೆ ಹೊಣೆ ಯಾರದು? ಹಾಕಿದವರದೋ, ತಾಣದವರದೋ?

ಬೇರೆಯವರು ಹಾಕಿದ್ದಕ್ಕೆ ತಾಣದವರು ಹೊಣೆಯಾಗದಂತೆ ಕಾನೂನು ಷರತ್ತಿನ ಮೇಲೆ ಕೊಡುವ ರಕ್ಷಣೆಯೇ ಸೇಫ್ ಹಾರ್ಬರ್. ನಮ್ಮಲ್ಲಿ ಅದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್‌ನಲ್ಲಿದೆ. 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 52(1)(ಸಿ)ಯಲ್ಲೂ ಇದೆ. ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದ ಮೇಲೆ ಟಿ-ಸೀರೀಸ್ ಸಂಗೀತ ಕಂಪನಿ ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2011ರಲ್ಲಿ ಮೈಸ್ಪೇಸ್‌ಗೆ ಈ ರಕ್ಷಣೆ ಇಲ್ಲವೆಂದಿತ್ತು. 2016ರ ಡಿಸೆಂಬರ್‌ನಲ್ಲಿ ವಿಭಾಗೀಯ ಪೀಠ ಅದನ್ನು ಒಪ್ಪಲಿಲ್ಲ. ‘ನಮ್ಮ ಹಾಡುಗಳು ನಿಮ್ಮಲ್ಲಿವೆ’ ಎಂದು ಉದ್ದನೆಯ ಪಟ್ಟಿ ಕಳಿಸಿದರೆ ಸಾಲದು. ಯಾವ ಹಾಡು, ಎಲ್ಲಿದೆ ಎಂಬುದು ತಾಣಕ್ಕೆ ಖಚಿತವಾಗಿ ಗೊತ್ತಾಗಬೇಕು ಎಂದಿತು.

ದೂರುಗಳು ಮುಗ್ಗರಿಸುವುದು ಇಲ್ಲೇ. ಚಾನೆಲ್ಲಿನ ಹೆಸರು ಬರೆದು ಸ್ಕ್ರೀನ್‌ಶಾಟ್ ಅಂಟಿಸಿದರೆ ಕೆಲಸವಾಗದು. ಪ್ರತಿಯೊಂದು ಕಡತದ ಪೂರ್ತಿ ಲಿಂಕ್ ಕೊಡಿ. 2013ರ ಕೃತಿಸ್ವಾಮ್ಯ ನಿಯಮಗಳ 75ನೇ ನಿಯಮದಂತೆ ದೂರು ಲಿಖಿತವಾಗಿರಬೇಕು: ಕೃತಿಯ ವಿವರ, ಹಕ್ಕು ನಿಮ್ಮದೆನ್ನಲು ಆಧಾರ, ಈ ಬಳಕೆ ಕಾಯ್ದೆಯ ವಿನಾಯಿತಿಗಳಡಿ ಬರುವುದಿಲ್ಲ ಎಂಬ ವಿವರಣೆ, ಹಾಕಿದವರು ಯಾರೆಂದು ಗೊತ್ತಿದ್ದರೆ ಅದೂ. ಜೊತೆಗೆ, ಹಾಕಿದವರ ಮೇಲೆ ದಾವೆ ಹೂಡಿ 21 ದಿನದೊಳಗೆ ನ್ಯಾಯಾಲಯದ ಆದೇಶ ತರುತ್ತೇನೆಂಬ ಮುಚ್ಚಳಿಕೆ. ಇದನ್ನು ಬಿಟ್ಟು ದೂರು ಬರೆಯಬೇಡಿ.

ಅದು ಅಕ್ರಮ ಪ್ರತಿಯೆಂದು ದೂರಿನ ವಿವರಗಳಿಂದ ಮನವರಿಕೆಯಾದರೆ, ದೂರು ಕೈಸೇರಿದ 36 ಗಂಟೆಯೊಳಗೆ ತಾಣದವರು ಆ ಲಿಂಕ್ ಯಾರಿಗೂ ತೆರೆಯದಂತೆ ಮಾಡಬೇಕು. ಲೆಕ್ಕ ಗಂಟೆಯಲ್ಲಿರುವುದರಿಂದ ಶನಿವಾರ ಸಂಜೆ ಬಂದ ದೂರನ್ನು ಸೋಮವಾರ ಮಧ್ಯಾಹ್ನ ನೋಡಿದರೆ ಗಡುವು ಮೀರಿರುತ್ತದೆ. ಕಡತವನ್ನು ಅಳಿಸಿಬಿಡಬೇಡಿ, ತಡೆಹಿಡಿಯಿರಿ. ಏಕೆ ತಡೆದಿದೆ ಎಂಬ ಸೂಚನೆ ಆ ಪುಟದಲ್ಲಿ ಕಾಣಬೇಕು. 21 ದಿನದಲ್ಲಿ ಆದೇಶ ಬಾರದಿದ್ದರೆ ಕಡತವನ್ನು ಮತ್ತೆ ತೆರೆಯಬಹುದು. ಅದೇ ಕೃತಿ, ಅದೇ ಲಿಂಕ್ ಬಗ್ಗೆ ಅದೇ ದೂರುದಾರರು ಮತ್ತೆ ಬರೆದರೆ ಉತ್ತರಿಸಲೇಬೇಕೆಂದಿಲ್ಲ.

21 ದಿನದಲ್ಲಿ ಕೋರ್ಟಿನ ಆದೇಶವೇ? ಬಡ ಕಲಾವಿದರಿಗೆ ಇದು ಭಾರವೇ ಸರಿ. ದೆಹಲಿಗೆ ಓಡಬೇಕಿಲ್ಲ ಎಂಬುದಷ್ಟೇ ಸಮಾಧಾನ: ಕೃತಿಸ್ವಾಮ್ಯ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ನೀವು ವಾಸವಿರುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹೂಡಬಹುದು.

ಅಮೆರಿಕದ 1998ರ ಡಿಜಿಟಲ್ ಕೃತಿಸ್ವಾಮ್ಯ ಕಾಯ್ದೆಯಲ್ಲಿ ದಾರಿ ಬೇರೆ. ಅಲ್ಲಿ ಕಡತ ಹಾಕಿದವರು ದೂರಿಗೆ ಉತ್ತರವಾಗಿ ಪ್ರತಿ-ನೋಟಿಸ್ ಕೊಡಬಹುದು. ದೂರುದಾರರು ದಾವೆ ಹೂಡದಿದ್ದರೆ 10ರಿಂದ 14 ಕೆಲಸದ ದಿನಗಳಲ್ಲಿ ಕಡತ ಮರಳುತ್ತದೆ. ನಮ್ಮ 75ನೇ ನಿಯಮದಲ್ಲಿ ಹಾಕಿದವರು ಉತ್ತರ ಕೊಡಲು ಇಂಥ ಏರ್ಪಾಡಿಲ್ಲ. ದೊಡ್ಡ ಕೊರತೆ ಇದು.

ತಾಣ ನಡೆಸುವವರಿಗೆ ಇನ್ನೊಂದು ಮಾತು. ಆಡಿಯೊವನ್ನು ಯಂತ್ರವೇ ಬೇರೆ ಫಾರ್ಮ್ಯಾಟ್‌ಗೆ ಬದಲಿಸಿದರೆ ರಕ್ಷಣೆ ಹೋಗದು. ಮೈಸ್ಪೇಸ್ ತೀರ್ಪು ಅದನ್ನು ಒಪ್ಪಿದೆ. ಆದರೆ ನೀವೇ ಹಾಡು ಆರಿಸಿ ನಿಮ್ಮ ಖಾತೆಯಿಂದಲೇ ಹಾಕಿದರೆ, ಆ ಹಾಡಿನ ಮಟ್ಟಿಗೆ ನೀವು ಮಧ್ಯವರ್ತಿಯಲ್ಲ. ಆಗ ಸೇಫ್ ಹಾರ್ಬರ್ ನಿಮ್ಮ ನೆರವಿಗೆ ಬರುವುದಿಲ್ಲ. ನಮಸ್ಕಾರ.