ಮಕ್ಕಳ ಮೈದಾನದಲ್ಲಿ ವಿಸಿಲ್ ಊದಬೇಡಿ ಸ್ವಾಮಿ!

ನಮಸ್ಕಾರ ಎಲ್ಲರಿಗೂ. ಇವತ್ತು ಫ್ರಿಸ್ಬೀ, ಅಂದ್ರೆ ತಟ್ಟೆ ಥರದ ಡಿಸ್ಕ್, ಅದನ್ನು ಮಣಿಕಟ್ಟು ಝಾಡಿಸಿ ಫ್ಲಿಕ್ ಎಸೆಯೋದು ಹೇಗೆ ಅಂತ ತೋರಿಸುತ್ತೇನೆ ಅಂದಿದ್ದೆ. ಅದು ಮುಂದಿನ ವಾರ. ಯಾಕಂದ್ರೆ ಕಳೆದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ, ಓದುತ್ತೇನೆ ಕೇಳಿ. "ಅಣ್ಣಾ, ಫ್ರಿಸ್ಬೀ ಎಲ್ಲಾ ಓಕೆ. ರೆಫರಿ ಇಲ್ದೆ ಆಡಿಸಿದ್ರೆ ಮಕ್ಳು ಹೊಡ್ಕೊಂಡು ಸಾಯ್ತಾರೆ. ಮೊದ್ಲು ಒಂದು ವಿಸಿಲ್ ತಗೊಳ್ಳಿ." ಇದಕ್ಕೆ ಬಂದ ಲೈಕು ನನ್ನ ವಿಡಿಯೋಗೂ ಬಂದಿಲ್ಲ!

ಅದೇ ವಾರ ಇನ್ನೊಂದು ನೋಡಿದೆ. ನಮ್ಮ ಕಡೆ ಒಂದು ಬಡಾವಣೆಯಲ್ಲಿ ಮಕ್ಕಳಿಗೆ ಅಲ್ಟಿಮೇಟ್ ಫ್ರಿಸ್ಬೀ ಶಿಬಿರ ಇಟ್ಟಿದ್ದರು. ಖುಷಿಯಿಂದ ಹೋದೆ. ಕೋಚ್ ಕತ್ತಿನಲ್ಲಿ ವಿಸಿಲ್! ಸಹಾಯಕರ ಕತ್ತಿನಲ್ಲೂ ಒಂದು! ಮಾತೆತ್ತಿದರೆ ಪೀ ಅಂತ ಊದೋದು. ಮಕ್ಕಳು ನಿಂತಲ್ಲೇ ನಿಂತು ಅವರ ಮುಖ ನೋಡೋದು.

ಸ್ವಾಮಿ, ಈ ಆಟದಲ್ಲಿ ರೆಫರಿನೇ ಇಲ್ಲ. ಮರೆತು ಬಿಟ್ಟಿದ್ದಲ್ಲ, ಬೇಕಂತಲೇ ಇಟ್ಟಿಲ್ಲ. 1968ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಮೇಪಲ್‌ವುಡ್‌ನಲ್ಲಿ ಕೊಲಂಬಿಯಾ ಹೈಸ್ಕೂಲಿನ ಹುಡುಗರು ಶುರು ಮಾಡಿದ ಆಟ. ಶಾಲೆಯ ಪಾರ್ಕಿಂಗ್ ಜಾಗದಲ್ಲೂ ಆಡುತ್ತಿದ್ದರಂತೆ. ಇವತ್ತು ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ಗೆ ಹೋಗಿ, ಅಲ್ಲೂ ಫೌಲ್ ಕೂಗೋದು ಆಟಗಾರರೇ. 2015ರಲ್ಲಿ ಒಲಿಂಪಿಕ್ ಸಮಿತಿ ಈ ಆಟದ ವಿಶ್ವ ಫೆಡರೇಷನ್‌ಗೆ ಪೂರ್ತಿ ಮಾನ್ಯತೆ ಕೊಟ್ಟಿತು. ಆಗಲೂ ಯಾರೂ ವಿಸಿಲ್ ಹುಡುಕಿಕೊಂಡು ಹೋಗಲಿಲ್ಲ.

ಹೊಸಬರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಂದು ಕಡೆ ಏಳು ಜನ, ಇನ್ನೊಂದು ಕಡೆ ಏಳು ಜನ. 175 ಗ್ರಾಂ ತೂಕದ ಒಂದು ಡಿಸ್ಕ್. ಡಿಸ್ಕ್ ಹಿಡಿದವರು ಓಡೋ ಹಾಗಿಲ್ಲ. ಎದುರಾಳಿ ಮುಂದೆ ನಿಂತು ಹತ್ತರವರೆಗೆ ಎಣಿಸುವಷ್ಟರಲ್ಲಿ ಎಸೆದಿರಬೇಕು. ಮೈದಾನದ ಆ ತುದಿಯಲ್ಲಿ ಗುರುತು ಮಾಡಿದ ಪಟ್ಟಿ, ಅಂದ್ರೆ ಎಂಡ್ ಝೋನ್‌ನಲ್ಲಿ ನಿಮ್ಮವರು ಹಿಡಿದರೆ ಒಂದು ಪಾಯಿಂಟ್. ಮುಗೀತು. ನೋಡಿ, ಸೆಕೆಂಡ್ ಎಣಿಸೋದು ಕೂಡ ಎದುರಾಳಿಯೇ! ಅಷ್ಟು ನಂಬಿಕೆ ಮೇಲೆ ನಿಂತ ಆಟಕ್ಕೆ ನೀವು ವಿಸಿಲ್ ಊದುತ್ತೀರಿ.

ಹಾಗಾದ್ರೆ ಜಗಳ ಆದರೆ? ನಿಯಮ ಇದೆ. ಪೆಟ್ಟು ತಿಂದವರೇ "ಫೌಲ್" ಅಂತ ಕೂಗಬೇಕು. ಆಟ ನಿಲ್ಲುತ್ತೆ. ಇನ್ನೊಬ್ಬರು ಒಪ್ಪಿದರೆ ಸರಿ. ಒಪ್ಪಲಿಲ್ಲವಾ, ಎಸೆದವರ ಕೈಗೇ ಡಿಸ್ಕ್ ವಾಪಸ್, ಆಟ ಮತ್ತೆ ಶುರು. ಯಾರು ಸುಳ್ಳ, ಯಾರು ಸತ್ಯವಂತ ಅಂತ ಪಂಚಾಯ್ತಿ ಇಲ್ಲ.

ನಮ್ಮ ಭಾನುವಾರದ ಮಕ್ಕಳ ಆಟದಲ್ಲಿ ಏಳನೇ ಕ್ಲಾಸಿನ ಹುಡುಗಿ ಒಬ್ಬಳು. ಮಾತೇ ಆಡದ ಹುಡುಗಿ. ಡಿಸ್ಕ್ ಹಿಡಿಯೋಕೆ ಹೋದಾಗ ಒಬ್ಬ ಹುಡುಗ ಮೊಣಕೈಗೆ ಬಡಿದ. ಅವಳು "ಫೌಲ್" ಅಂದಳು, ಅವಳಿಗೇ ಕೇಳಿಸಿತೋ ಇಲ್ಲವೋ. ಹುಡುಗ ಆಡುತ್ತಲೇ ಇದ್ದ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಶೂ ಲೇಸ್ ಕಟ್ಟುತ್ತಾ ಕೂತೆ. ಕಟ್ಟೇ ಇತ್ತು ಅದು! ಅವಳು ಮತ್ತೆ ಕೂಗಿದಳು. ಈ ಸಲ ಪಕ್ಕದಲ್ಲಿ ಕ್ರಿಕೆಟ್ ಆಡುತ್ತಿದ್ದವರೂ ತಿರುಗಿ ನೋಡಿದರು. "ನಾನು ಡಿಸ್ಕಿಗೆ ಹೊಡೆದಿದ್ದು" ಅಂದ ಅವನು. "ಇಲ್ನೋಡು, ಕೆಂಪಾಗಿದೆ" ಅಂತ ಕೈ ಚಾಚಿದಳು. ಅವನು ಬಗ್ಗಿ ನೋಡಿದ. ಸ್ವಲ್ಪ ಹೊತ್ತು ಯೋಚನೆ. "ಸರಿ, ತಗೋ." ಆಮೇಲೆ ಅವಳು ಎಸೆದ ಡಿಸ್ಕ್ ಗಾಳಿಗೆ ಸಿಕ್ಕಿ ಎಲ್ಲೋ ಹೋಯಿತು, ಅದು ಬೇರೆ ಮಾತು. ನಾನು ವಿಸಿಲ್ ಊದಿದ್ದರೆ ಆ ಹುಡುಗಿಯ ಎರಡನೇ ಕೂಗು ಹೊರಗೆ ಬರುತ್ತಿತ್ತಾ? ನೀವೇ ಹೇಳಿ.

ಕೂಗೋಕೆ ಬಿಡಿ. ಅಷ್ಟೇ ನಾನು ಹೇಳೋದು. ವಿಸಿಲ್ ಕೆಳಗಿಡಿ.

"ಮಕ್ಕಳು ಸುಳ್ಳು ಹೇಳ್ತಾರೆ ಸಾರ್." ಓಹೋ! ದೊಡ್ಡವರು? ಕ್ರಿಕೆಟ್ ನೋಡಿ, ಇಬ್ಬರು ಅಂಪೈರ್, ಮೇಲೊಬ್ಬ ಥರ್ಡ್ ಅಂಪೈರ್, ಡಿಆರ್‌ಎಸ್, ಅಷ್ಟು ಕ್ಯಾಮೆರಾ. ಬ್ಯಾಟಿಗೆ ತಗುಲಿದ್ದು ಊರಿಗೆಲ್ಲ ಕೇಳಿಸಿದರೂ ಬ್ಯಾಟ್ಸ್‌ಮನ್ ಏನೂ ಆಗಿಲ್ಲ ಅನ್ನೋ ಹಾಗೆ ಗ್ಲೌಸ್ ಸರಿ ಮಾಡಿಕೊಳ್ಳುತ್ತಾ ನಿಂತಿರುತ್ತಾನೆ. ಅಂಪೈರ್ ಇದ್ದರೆ ಸತ್ಯ ಹೇಳೋ ಕೆಲಸ ಅಂಪೈರ್‌ದು, ನನ್ನದಲ್ಲ. ಇದನ್ನೇ ತಾನೇ ಮಕ್ಕಳಿಗೆ ಕಲಿಸೋಕೆ ಹೊರಟಿರೋದು?

ಇನ್ನೊಬ್ಬರು ಬಹಳ ಓದಿಕೊಂಡವರು. "ಅಮೆರಿಕದ ಪ್ರೊ ಲೀಗ್‌ನಲ್ಲಿ ರೆಫರಿ ಇದ್ದಾರಲ್ಲ?" ಇದ್ದಾರೆ. 2012ರಲ್ಲಿ ಶುರುವಾದ ಲೀಗ್, ಟಿಕೆಟ್ ಮಾರಬೇಕು, ಇಟ್ಟುಕೊಂಡರು. ಆದರೆ ಅಲ್ಲೂ ರೆಫರಿ ತಪ್ಪು ತೀರ್ಪು ಕೊಟ್ಟು ಅದು ನಿಮಗೇ ಲಾಭವಾದರೆ, "ಬೇಡ, ಅದು ತಪ್ಪು" ಅಂತ ನೀವೇ ಬಿಟ್ಟುಕೊಡಬಹುದು. ಇದನ್ನು ಯಾರೂ ಕಾಮೆಂಟ್‌ನಲ್ಲಿ ಬರೆಯಲ್ಲ. ಅದೂ ಅಲ್ಲದೆ ನಿಮ್ಮ ಲೇಔಟ್ ಪಾರ್ಕಿಗೆ ಯಾರು ಟಿಕೆಟ್ ಕೊಂಡು ಬರುತ್ತಿದ್ದಾರೆ ಸ್ವಾಮಿ?

ಇಸ್ರೇಲ್ ಕಡೆ ಅಲ್ಟಿಮೇಟ್ ಪೀಸ್ ಅಂತ ಒಂದು ಸಂಸ್ಥೆ ಇದೆ. ಯಹೂದಿ ಮಕ್ಕಳನ್ನೂ ಅರಬ್ ಮಕ್ಕಳನ್ನೂ ಒಂದೇ ತಂಡದಲ್ಲಿ ಹಾಕಿ ಆಡಿಸಿದವರು. ಭಾಷೆ ಬೇರೆ, ಮನೆಯಲ್ಲಿ ಕೇಳೋ ಕಥೆ ಬೇರೆ. ಆ ಮಕ್ಕಳೇ ತಮ್ಮ ಫೌಲ್ ತಾವೇ ತೀರಿಸಿಕೊಂಡರಂತೆ. ನಮ್ಮ ಸೆಕೆಂಡ್ ಕ್ರಾಸ್ ಹುಡುಗನಿಗೂ ಥರ್ಡ್ ಕ್ರಾಸ್ ಹುಡುಗನಿಗೂ ಆಗಲ್ವಾ? ದೂರ ಬೇಡ, ಚೆನ್ನೈನಲ್ಲಿ ಪುದಿಯದೋರ್, ದಿಲ್ಲಿಯಲ್ಲಿ ವೈ-ಅಲ್ಟಿಮೇಟ್, ಇವರೆಲ್ಲ ಬಡ ಬಡಾವಣೆಗಳ ಮಕ್ಕಳನ್ನೇ ಕಟ್ಟಿಕೊಂಡು ಆಡಿಸಿದವರು. ಹುಡುಗ, ಹುಡುಗಿ ಒಂದೇ ತಂಡ. ಕೋಚ್ ಕೆಲಸ ಕಲಿಸೋದು, ತೀರ್ಪು ಹೇಳೋದಲ್ಲ.

ಮ್ಯಾಚ್ ಮುಗಿದ ಮೇಲೆ ಎರಡೂ ತಂಡದವರು ಹೆಗಲ ಮೇಲೆ ಕೈ ಹಾಕಿ ಒಂದೇ ವೃತ್ತದಲ್ಲಿ ನಿಲ್ಲುತ್ತಾರೆ. ಎದುರಾಳಿ ಹೇಗೆ ನಡೆದುಕೊಂಡರು ಅನ್ನೋದಕ್ಕೆ ಸ್ಪಿರಿಟ್ ಅಂಕ ಕೊಡುತ್ತಾರೆ. ಐದು ವಿಷಯ, ಒಂದೊಂದಕ್ಕೆ ನಾಲ್ಕರವರೆಗೆ, ಒಟ್ಟು 20. ನಿಯಮ ಗೊತ್ತಿತ್ತಾ, ಮೈಮೇಲೆ ಬಿದ್ದರಾ, ನ್ಯಾಯವಾಗಿ ನಡೆದುಕೊಂಡರಾ, ತಾಳ್ಮೆ ಇತ್ತಾ, ಸರಿಯಾಗಿ ಮಾತಾಡಿದರಾ. ಆ ಶಿಬಿರದಲ್ಲಿ ಇದೂ ಇರಲಿಲ್ಲ. ಸರ್ಟಿಫಿಕೇಟ್ ಕೊಟ್ಟರು. ಫೋಟೋ ತೆಗೆದರು. ಅತಿಥಿಗಳು ಭಾಷಣ ಮಾಡಿದರು, ಅದಂತೂ ಮುಗಿಯಲೇ ಇಲ್ಲ.

ಲಗೋರಿಗೆ ಯಾವ ಅಂಪೈರ್ ಇದ್ದ ರೀ? ಚೆಂಡು ಬೆನ್ನಿಗೆ ಬಿತ್ತೋ ಇಲ್ಲವೋ ಅಂತ ಅರ್ಧ ಗಂಟೆ ಕಿತ್ತಾಡಿ, ಮತ್ತೆ ಕಲ್ಲು ಜೋಡಿಸಿ ಆಡಲಿಲ್ವಾ? ಯಾರು ಸತ್ತರು? ಈಗ ಮಕ್ಕಳಿಗೆ ಪಾರ್ಕಿಗೆ ಬಂದರೂ ಪಿ.ಟಿ. ಮೇಷ್ಟ್ರೇ ಬೇಕಾ? ಶಾಲೆಯಲ್ಲಿ ವಿಸಿಲ್, ಟ್ಯೂಷನ್‌ನಲ್ಲಿ ಗಂಟೆ, ಮನೆಯಲ್ಲಿ ಕುಕ್ಕರ್! ಒಂದು ಗಂಟೆ ಬಿಡಿ ಅವರನ್ನು!

"ಆದ್ರೂ ಚಿಕ್ಕ ಮಕ್ಕಳಿಗೆ..." ಆದ್ರೂ ಇಲ್ಲ. "ಶುರುವಿನಲ್ಲಿ ಮಾತ್ರ..." ಶುರುವಿನಲ್ಲೇ ಬೇಡ! ಕಾರಣ ಎಲ್ಲ ಹೇಳಿಯಾಯ್ತು. ಮತ್ತೆ ಕೇಳಿದರೆ ಇದೇ ವಿಡಿಯೋ ಮೊದಲಿಂದ ಹಾಕುತ್ತೇನೆ. ವಿಸಿಲ್ ಊದಬೇಡಿ. ಊದಬೇಡಿ. ತೀರಾ ಊದಲೇಬೇಕಾ, ಟ್ರಾಫಿಕ್ ಪೊಲೀಸರಿಗೆ ಸಹಾಯ ಮಾಡಿ, ಸಿಲ್ಕ್ ಬೋರ್ಡ್ ಹತ್ರ ಕೆಲಸ ಜಾಸ್ತಿ ಇದೆ.

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ನಿಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಗೆ ಕಳಿಸಿ. ಬೈಯೋರು ಬೈಯಿರಿ, ಕಾಮೆಂಟ್ ಜಾಸ್ತಿ ಆದರೆ ನನಗೇ ಲಾಭ. ಟೀ-ಶರ್ಟ್ ಬಂದಿದೆ, ಲಾರ್ಜ್ ಮಾತ್ರ ಉಳಿದಿದೆ, ಮಕ್ಕಳಿಗೆ ನೈಟಿ ಥರ ಆಗುತ್ತೆ, ಪರವಾಗಿಲ್ಲ ತಗೊಳ್ಳಿ. ಭಾನುವಾರ ಬೆಳಿಗ್ಗೆ ಮಕ್ಕಳನ್ನು ಕಳಿಸಿ, ದುಡ್ಡಿಲ್ಲ. ನೀರಿನ ಬಾಟಲಿ, ಟೋಪಿ ಸಾಕು. ಮಳೆ ಬಂದರೂ ಆಡುತ್ತೇವೆ, ಗುಡುಗು ಮಿಂಚು ಇದ್ದರೆ ಮಾತ್ರ ಇಲ್ಲ.