ಎರಡು ಒಲಿಂಪಿಕ್ಸ್ ನಡೆಸಿದ ಹಳ್ಳಿ

ಕೇಳುಗರಿಗೆ ನಮಸ್ಕಾರ.

ಲೈಬ್ರರಿಯಲ್ಲಿ ಪುಸ್ತಕದ ಬೆನ್ನಿಗೆ ಅಂಟಿಸಿದ ನಂಬರ್ ನೀವೆಲ್ಲ ನೋಡಿರುತ್ತೀರಿ. ಕನ್ನಡ ಸಾಹಿತ್ಯದ್ದಾದರೆ 894.814. ಈ ಪದ್ಧತಿ ಮಾಡಿದವರು ಅಮೆರಿಕದ ಮೆಲ್ವಿಲ್ ಡ್ಯೂಯಿ. ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿದ ಇದೇ ಮನುಷ್ಯ ಒಂದು ಬೆಟ್ಟದ ಹಳ್ಳಿಗೆ ಚಳಿಗಾಲದ ಆಟಗಳನ್ನೂ ತಂದರು. ಆ ಹಳ್ಳಿಯ ಹೆಸರು ಲೇಕ್ ಪ್ಲಾಸಿಡ್. ಇವತ್ತು ಅದರ ವಿಷಯ ಮಾತಾಡೋಣ.

ನ್ಯೂಯಾರ್ಕ್ ಎಂದರೆ ನಮಗೆ ಗಗನಚುಂಬಿ ಕಟ್ಟಡಗಳ ನಗರ. ಆದರೆ ಆ ರಾಜ್ಯದ ಉತ್ತರ ತುದಿಯಲ್ಲಿ ಆಡಿರಾಂಡ್ಯಾಕ್ ಎಂಬ ಬೆಟ್ಟಸಾಲಿದೆ. ಸುತ್ತ ಕಾಡು, ಕೆರೆಗಳು. ಅಲ್ಲಿ ಡ್ಯೂಯಿ 1895ರಲ್ಲಿ ಒಂದು ಕ್ಲಬ್ ಶುರು ಮಾಡಿದರು. ಆಗೆಲ್ಲ ಬೆಟ್ಟಕ್ಕೆ ಜನ ಬರುತ್ತಿದ್ದದ್ದು ಬೇಸಿಗೆಯಲ್ಲಿ. ಹಿಮ ಬಿದ್ದರೆ ಬಾಗಿಲು ಹಾಕಿಕೊಂಡು ಹೋಗುವುದು ವಾಡಿಕೆ. 1904-05ರ ಚಳಿಗಾಲದಲ್ಲಿ ಡ್ಯೂಯಿ ಕ್ಲಬ್ಬಿನ ಬಾಗಿಲು ಮುಚ್ಚಲಿಲ್ಲ. ನಾರ್ವೆಯಿಂದ ಸ್ಕೀಗಳನ್ನು ತರಿಸಿದರು. ಜನ ಬಂದರು, ಜಾರಿದರು, ಬಿದ್ದರು, ಮುಂದಿನ ವರ್ಷ ಮತ್ತೆ ಬಂದರು.

ಡ್ಯೂಯಿ ಮಗ ಗಾಡ್‌ಫ್ರೀ. ಅಪ್ಪನಿಗಿಂತ ಹಟಮಾರಿ. ಯೂರೋಪಿನ ದೊಡ್ಡ ದೊಡ್ಡ ಊರುಗಳು ಒಲಿಂಪಿಕ್ಸ್ ಮಾಡಬಹುದಾದರೆ ನಮ್ಮ ಹಳ್ಳಿ ಯಾಕೆ ಮಾಡಬಾರದು ಅಂತ ಓಡಾಡಿದರು. 1929ರ ಏಪ್ರಿಲ್‌ನಲ್ಲಿ ಮೂರನೇ ಚಳಿಗಾಲದ ಒಲಿಂಪಿಕ್ಸ್ ನಡೆಸುವ ಅವಕಾಶ ಸಿಕ್ಕೇಬಿಟ್ಟಿತು. ಅಕ್ಟೋಬರ್‌ನಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ಎಂಥ ಟೈಮಿಂಗ್ ನೋಡಿ!

ದುಡ್ಡಿನ ಕಷ್ಟ ಒಂದೇ ಅಲ್ಲ. ಬಾಬ್‌ಸ್ಲೆಡ್ ಅಂತ ಒಂದು ಆಟ. ಕಬ್ಬಿಣದ ಜಾರುಪಟ್ಟಿ ಇರುವ ಗಾಡಿಯಲ್ಲಿ ಕೂತು, ಬೆಟ್ಟದ ಮೇಲಿಂದ ಐಸಿನ ಕಾಲುವೆಯಲ್ಲಿ ಜಾರಿ ಬರುವುದು. ಆ ಕಾಲುವೆಗೆ ಸರ್ಕಾರಿ ಕಾಡಿನಲ್ಲಿ ಜಾಗ ಗುರುತು ಮಾಡಿದರು. ಆದರೆ ಆ ಕಾಡು ಎಂದೆಂದಿಗೂ ಕಾಡಾಗಿಯೇ ಇರಬೇಕು ಎಂದು ರಾಜ್ಯದ ಸಂವಿಧಾನದಲ್ಲೇ ಬರೆದಿದೆ. ಕಾಡಿನ ಪರವಾಗಿದ್ದವರು ಕೋರ್ಟಿಗೆ ಹೋದರು. 1930ರಲ್ಲಿ ತೀರ್ಪು ಬಂತು: ಒಂದು ಆಟಕ್ಕಾಗಿ ಮರ ಕಡಿಯುವ ಹಾಗಿಲ್ಲ. ಕೊನೆಗೆ ಕ್ಲಬ್ಬಿಗೆ ಸೇರಿದ್ದ ಬೇರೆ ಬೆಟ್ಟದಲ್ಲಿ ಕಾಲುವೆ ಕಟ್ಟಿದರು. ತೊಂಬತ್ತು ವರ್ಷಕ್ಕೂ ಹಿಂದೆ, ಒಲಿಂಪಿಕ್ಸ್ ಬರುವ ಸಂಭ್ರಮದ ಮಧ್ಯೆ ಕಾಡು ಗೆದ್ದಿತ್ತು. ನನಗೆ ಈ ಊರಿನ ಚರಿತ್ರೆಯಲ್ಲಿ ಯಾವ ಪದಕಕ್ಕಿಂತಲೂ ಇದು ಜಾಸ್ತಿ ಇಷ್ಟ.

1932ರ ಫೆಬ್ರವರಿ 4. ಕೂಟ ಉದ್ಘಾಟಿಸಿದ್ದು ಆಗ ಆ ರಾಜ್ಯದ ಗವರ್ನರ್ ಆಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್. ಅದೇ ವರ್ಷ ಕೊನೆಗೆ ಅವರು ಅಮೆರಿಕದ ಅಧ್ಯಕ್ಷರ ಚುನಾವಣೆಯನ್ನೂ ಗೆದ್ದರು. ಅವರ ಹೆಂಡತಿ ಎಲೆನಾರ್ ಸುಮ್ನೆ ನೋಡಿಕೊಂಡು ಕೂರಲಿಲ್ಲ, ಬಾಬ್‌ಸ್ಲೆಡ್ ಹತ್ತಿ ಜಾರಿಯೇ ಬಂದರು. ಮೆಲ್ವಿಲ್ ಡ್ಯೂಯಿ ಮಾತ್ರ ಇದನ್ನೆಲ್ಲ ನೋಡಲಿಲ್ಲ. ಕೂಟಕ್ಕೆ ಕೆಲವೇ ವಾರ ಇರುವಾಗ ತೀರಿಕೊಂಡಿದ್ದರು.

ಬಂದ ದೇಶಗಳು ಹದಿನೇಳೇ. ಕ್ರೀಡಾಪಟುಗಳ ಪರವಾಗಿ ಪ್ರಮಾಣವಚನ ಹೇಳಿದವನು ಅದೇ ಊರಿನ ಹುಡುಗ, ಜ್ಯಾಕ್ ಶೇ. ವಚನ ಹೇಳಿ, ಸ್ಕೇಟ್ ಕಟ್ಟಿಕೊಂಡು, 500 ಮೀಟರ್ ಓಟದಲ್ಲಿ ಚಿನ್ನ ಗೆದ್ದ. ಆಮೇಲೆ 1500 ಮೀಟರಿನಲ್ಲೂ ಗೆದ್ದ. ಇಬ್ಬರು ಕೂರುವ ಬಾಬ್‌ಸ್ಲೆಡ್‌ನಲ್ಲೂ ಗೆದ್ದವರು ಇದೇ ಊರಿನ ಸ್ಟೀವನ್ಸ್ ಅಣ್ಣತಮ್ಮಂದಿರು. ಓಟಕ್ಕೆ ಮುಂಚೆ ಗಾಡಿಯ ಜಾರುಪಟ್ಟಿಯನ್ನು ಬ್ಲೋ ಟಾರ್ಚಿನ ಬೆಂಕಿಯಲ್ಲಿ ಚೆನ್ನಾಗಿ ಬಿಸಿ ಮಾಡಿಕೊಳ್ಳುತ್ತಿದ್ದರಂತೆ. ಆಗ ಅದಕ್ಕೆ ಅಡ್ಡಿ ಇರಲಿಲ್ಲ. ಈಗಿನ ನಿಯಮ ಅದನ್ನು ಒಪ್ಪುವುದಿಲ್ಲ.

ಜ್ಯಾಕ್ ಶೇ 1936ರ ಒಲಿಂಪಿಕ್ಸ್‌ಗೆ ಹೋಗಲಿಲ್ಲ. ಆ ಸಲ ಕೂಟ ಇದ್ದದ್ದು ಹಿಟ್ಲರನ ಜರ್ಮನಿಯಲ್ಲಿ. ಯಹೂದಿಗಳನ್ನು ನಡೆಸಿಕೊಳ್ಳುತ್ತಿದ್ದ ರೀತಿ ಆತನಿಗೆ ಹಿಡಿಸಲಿಲ್ಲ. ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಡ್ಯೂಯಿ ಅವರ ಕ್ಲಬ್ಬಿನಲ್ಲಿ ಯಹೂದಿಗಳಿಗೆ ಪ್ರವೇಶ ಇರಲಿಲ್ಲ. ಈ ಗಲಾಟೆಯಲ್ಲೇ ಅವರು 1905ರಲ್ಲಿ ರಾಜ್ಯ ಗ್ರಂಥಾಲಯದ ಮುಖ್ಯಸ್ಥರ ಕೆಲಸ ಕಳೆದುಕೊಂಡಿದ್ದು. 2019ರಲ್ಲಿ ಅಮೆರಿಕದ ಗ್ರಂಥಾಲಯ ಸಂಘ ತನ್ನ ದೊಡ್ಡ ಪದಕದಿಂದ ಡ್ಯೂಯಿ ಹೆಸರನ್ನು ತೆಗೆಯಲು ತೀರ್ಮಾನಿಸಿತು. ಆಟ ತಂದವರ ಬಾಗಿಲು ಕೆಲವರಿಗೆ ಮುಚ್ಚಿತ್ತು. ಆಟ ಗೆದ್ದ ಹುಡುಗ ಅಂಥದ್ದೇ ಕಾರಣಕ್ಕೆ ಇನ್ನೊಂದು ಕೂಟಕ್ಕೆ ಬೆನ್ನು ತಿರುಗಿಸಿದ. ಊರಿನ ನೆನಪು ಅಂದರೆ ಎರಡನ್ನೂ ಸೇರಿಸಿಯೇ ಹೇಳಬೇಕು, ಅಲ್ವಾ?

ಎರಡನೇ ಸಲ ಒಲಿಂಪಿಕ್ಸ್ ಬಂದದ್ದು 1980ರಲ್ಲಿ. ಹಳ್ಳಿಯ ಜನಸಂಖ್ಯೆ ಮೂರು ಸಾವಿರವೂ ಇಲ್ಲ. ಬಂದದ್ದು 37 ದೇಶಗಳು, ಸಾವಿರಕ್ಕೂ ಹೆಚ್ಚು ಆಟಗಾರರು, ಜೊತೆಗೆ ಪ್ರೇಕ್ಷಕರ ದಂಡು. ಬಸ್ ವ್ಯವಸ್ಥೆ ಕೈಕೊಟ್ಟಿತು. ಟಿಕೆಟ್ ಇದ್ದವರು ರಸ್ತೆ ಬದಿಯ ಚಳಿಯಲ್ಲಿ ನಡುಗುತ್ತ ನಿಂತರು. ಆ ವರ್ಷ ಹಿಮವೂ ಸರಿಯಾಗಿ ಬೀಳಲಿಲ್ಲ. ಮೆಷಿನ್ನಿನಲ್ಲಿ ಹಿಮ ಮಾಡಿ ಸುರಿದರು. ಒಲಿಂಪಿಕ್ಸ್‌ನಲ್ಲಿ ಕೃತಕ ಹಿಮ ಬಳಸಿದ್ದು ಅದೇ ಮೊದಲು. ಆಟಗಾರರು ಉಳಿದುಕೊಂಡ ವಸತಿ ಕೇಂದ್ರವನ್ನು ಆಮೇಲೆ ಏನು ಮಾಡುವುದು ಅಂತ ಮೊದಲೇ ನಿಗದಿಯಾಗಿತ್ತು. ಅದು ಕೇಂದ್ರ ಸರ್ಕಾರದ ಜೈಲಾಯಿತು. ಈಗಲೂ ಜೈಲೇ. ಕೋಣೆಗಳು ಇಕ್ಕಟ್ಟು ಅಂತ ಆಟಗಾರರು ಗೊಣಗಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಆ ಕೂಟದಲ್ಲಿ ಎರಿಕ್ ಹೈಡನ್ ಎಂಬ ಸ್ಕೇಟಿಂಗ್ ಓಟಗಾರ ಐದಕ್ಕೆ ಐದೂ ಚಿನ್ನ ಗೆದ್ದ. 500 ಮೀಟರಿನಿಂದ 10,000 ಮೀಟರಿನವರೆಗೆ. ಜ್ಯಾಕ್ ಶೇ ಗೆದ್ದಿದ್ದ ಮೈದಾನವೇ ಅದು, ಊರಿನ ಹೈಸ್ಕೂಲಿನ ಎದುರಿಗೇ ಇದೆ. ಅದೇ ಪುಟ್ಟ ಊರಿನಲ್ಲಿ ಆ ಕೂಟದ ಇನ್ನೊಂದು ದೊಡ್ಡ ಘಟನೆ ಫೆಬ್ರವರಿ 22ರ ಸಂಜೆ ನಡೆಯಿತು. ಐಸ್ ಹಾಕಿಯಲ್ಲಿ ಅಮೆರಿಕ, ಸೋವಿಯತ್ ರಷ್ಯಾ ಎದುರಾಬದುರಾದವು. ಸೋವಿಯತ್ ತಂಡ ಹಿಂದಿನ ನಾಲ್ಕು ಒಲಿಂಪಿಕ್ಸ್‌ನಲ್ಲಿ ಸತತವಾಗಿ ಚಿನ್ನ ಗೆದ್ದಿತ್ತು. ಎರಡು ವಾರ ಮುಂಚೆ ಸ್ನೇಹಪಂದ್ಯದಲ್ಲಿ ಇದೇ ಅಮೆರಿಕವನ್ನು 10-3ರಿಂದ ಬಡಿದಿತ್ತು. ಅಮೆರಿಕದ್ದು ಬಹುಪಾಲು ಕಾಲೇಜು ಹುಡುಗರ ತಂಡ. ಕೋಚ್ ಹರ್ಬ್ ಬ್ರೂಕ್ಸ್. ಗೆದ್ದವರು ಹುಡುಗರು, 4-3.

ಇಲ್ಲಿ ನಮ್ಮ ಕಡೆಯ ಒಂದು ಕೊಂಡಿ ಇದೆ. ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿದ್ದಕ್ಕೆ ಮಾಸ್ಕೋದ ಬೇಸಿಗೆ ಒಲಿಂಪಿಕ್ಸ್‌ಗೆ ಹೋಗಬೇಡಿ ಎಂದು ಅಮೆರಿಕ ಒತ್ತಾಯ ಮಾಡಿತು. ಆ ಮಾತನ್ನು ಒಲಿಂಪಿಕ್ ಸಮಿತಿಯ ಮುಂದೆ ಅದರ ವಿದೇಶಾಂಗ ಮಂತ್ರಿ ಆಡಿದ್ದು ಲೇಕ್ ಪ್ಲಾಸಿಡ್‌ನಲ್ಲೇ. ಎಷ್ಟೋ ದೇಶಗಳು ಹಿಂದೆ ಸರಿದವು. ಭಾರತ ಹೋಯಿತು. ಜುಲೈನಲ್ಲಿ ನಮ್ಮ ಹಾಕಿ ತಂಡ ಫೈನಲ್‌ನಲ್ಲಿ ಸ್ಪೇನ್ ವಿರುದ್ಧ ಚಿನ್ನ ಗೆದ್ದಿತು. ಸ್ಕೋರ್ ಎಷ್ಟು ಗೊತ್ತಾ? 4-3. ಕೊಡಗಿನ ಎಂ. ಎಂ. ಸೋಮಯ್ಯ ಆ ತಂಡದಲ್ಲಿದ್ದರು.

ಸರಿ, ಇಷ್ಟೆಲ್ಲ ಆದ ಊರು ಇದನ್ನು ಹೇಗೆ ನೆನೆಯುತ್ತದೆ? ಮ್ಯೂಸಿಯಂ ಇದೆ. 1932ರ ಐಸ್ ಅರೀನಾಕ್ಕೆ ಜ್ಯಾಕ್ ಶೇ ಹೆಸರು, 1980ರ ಅರೀನಾಕ್ಕೆ ಹರ್ಬ್ ಬ್ರೂಕ್ಸ್ ಹೆಸರು. 2015ರಲ್ಲಿ, ಆ ಗೆಲುವಿಗೆ 35 ವರ್ಷ ತುಂಬಿದಾಗ, ತಂಡದಲ್ಲಿ ಬದುಕಿದ್ದವರೆಲ್ಲ ಅಲ್ಲಿಗೆ ಬಂದರು. ಹಿಂದಿನ ವರ್ಷ ತೀರಿಕೊಂಡಿದ್ದ ಬಾಬ್ ಸ್ಯೂಟರ್ ಅವರ ಜೆರ್ಸಿಯನ್ನು ಚಾವಣಿಗೆ ಏರಿಸಿದರು. ಇದೆಲ್ಲ ಬೇಕಾದದ್ದೇ. ಆದರೆ ಹೆಸರು, ಫಲಕ, ಫೋಟೋ ಎಲ್ಲ ಕಡೆ ಇರುತ್ತವೆ. ಈ ಊರಿನ ವಿಶೇಷ ಬೇರೆ. ಅಲ್ಲಿ ಐಸ್ ಇನ್ನೂ ಕೆಲಸದಲ್ಲಿದೆ. ಒಲಿಂಪಿಕ್ಸ್ ಮುಗಿದ ಮೇಲೆ ಹಾಳುಬಿದ್ದ ಅಂಗಣಗಳು ಲೋಕದಲ್ಲಿ ಎಷ್ಟಿಲ್ಲ? 1980ರ ಕೂಟ ಇಲ್ಲೂ ಸಾಲ ಬಿಟ್ಟುಹೋಗಿತ್ತು. ಆದರೆ ಮರುವರ್ಷವೇ ರಾಜ್ಯ ಸರ್ಕಾರ ಒಂದು ಪ್ರಾಧಿಕಾರ ಮಾಡಿ ಅಂಗಣಗಳನ್ನೆಲ್ಲ ಅದರ ಕೈಗೆ ಕೊಟ್ಟಿತು. ಖರ್ಚು ಕಮ್ಮಿಯಲ್ಲ. ಜನರ ತೆರಿಗೆ ದುಡ್ಡು ಇದಕ್ಕೆ ಯಾಕೆ ಅಂತ ಕೇಳುವವರೂ ಇದ್ದಾರೆ. ಕೇಳಬೇಕಾದದ್ದೇ. ಆದರೂ ಶಾಲೆಯ ಮಕ್ಕಳು ಸ್ಕೇಟ್ ಮಾಡುವುದು ಒಲಿಂಪಿಕ್ಸ್ ನಡೆದ ಜಾಗದಲ್ಲೇ. 2023ರ ಜನವರಿಯಲ್ಲಿ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟವೂ ಅಲ್ಲೇ ನಡೆಯಿತು.

ಇನ್ನು ಶೇ ಮನೆತನ. ಜ್ಯಾಕ್ ಮಗ ಜಿಮ್ 1964ರಲ್ಲಿ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನಲ್ಲಿ ಸ್ಕೀ ಓಟಗಾರ. ಭಾರತದ ಪರವಾಗಿ ಚಳಿಗಾಲದ ಒಲಿಂಪಿಕ್ಸ್‌ಗೆ ಮೊದಲು ಹೋದ ಜೆರೆಮಿ ಬುಜಕೋವ್‌ಸ್ಕಿ ಇಳಿದದ್ದೂ ಅದೇ ಕೂಟದಲ್ಲಿ. ಮೊಮ್ಮಗ, ಅವನ ಹೆಸರೂ ಜಿಮ್, ಸ್ಕೆಲಿಟನ್ ಆಟಗಾರ. ಮುಖ ಮುಂದೆ ಮಾಡಿ, ಹೊಟ್ಟೆ ಮೇಲೆ ಮಲಗಿ, ಐಸಿನ ಕಾಲುವೆಯಲ್ಲಿ ಜಾರುವ ಆಟ ಅದು. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ಗೆ ಅಜ್ಜ, ಅಪ್ಪ, ಮಗ ಮೂವರೂ ಹೋಗುವ ಉತ್ಸಾಹದಲ್ಲಿದ್ದರು. ಕೂಟಕ್ಕೆ ಮೂರು ವಾರವೂ ಇಲ್ಲದಿರುವಾಗ 91 ವರ್ಷದ ಅಜ್ಜ ಕಾರು ಅಪಘಾತದಲ್ಲಿ ತೀರಿಕೊಂಡರು. ಮೊಮ್ಮಗ ಹೋದ. ಅಜ್ಜ 70 ವರ್ಷ ಹಿಂದೆ ಹೇಳಿದ್ದ ಪ್ರಮಾಣವಚನವನ್ನು ಈಗ ಅವನು ಹೇಳಿದ. ಅಜ್ಜನ ಫೋಟೋವನ್ನು ಹೆಲ್ಮೆಟ್ಟಿನೊಳಗೆ ಇಟ್ಟುಕೊಂಡು ಜಾರಿದ. ಚಿನ್ನ ಗೆದ್ದ.

ಮೊನ್ನೆ ಮೊನ್ನೆಯೂ ಈ ಹಳ್ಳಿಯ ಹೆಸರು ಸುದ್ದಿಗೆ ಬಂದಿತ್ತು. 2026ರ ಒಲಿಂಪಿಕ್ಸ್‌ಗೆ ಇಟಲಿಯ ಕೊರ್ಟಿನಾದಲ್ಲಿ ಕಟ್ಟುತ್ತಿದ್ದ ಬಾಬ್‌ಸ್ಲೆಡ್ ಕಾಲುವೆ ಸಮಯಕ್ಕೆ ಮುಗಿಯುತ್ತದೋ ಇಲ್ಲವೋ ಎಂಬ ಅನುಮಾನ ಇತ್ತು. ಮುಗಿಯದಿದ್ದರೆ ಆ ಓಟಗಳನ್ನು ಎಲ್ಲಿ ನಡೆಸುವುದು? ಸಾಗರದ ಆಚೆಯ ಲೇಕ್ ಪ್ಲಾಸಿಡ್‌ನಲ್ಲಿ ಅಂತ ಗೊತ್ತು ಮಾಡಿದ್ದರು. ಕೊರ್ಟಿನಾದ ಕೆಲಸ 2025ರಲ್ಲಿ ಹೇಗೋ ಆಯಿತು. ಇವರಿಗೆ ಆ ಅವಕಾಶ ತಪ್ಪಿತು.

ಅಮೆರಿಕದ ಪೂರ್ವ ಕರಾವಳಿಯಲ್ಲಿ ಮಕ್ಕಳೋ ನೆಂಟರೋ ಇರುವವರು, ಚಳಿಗಾಲದಲ್ಲಿ ಅಲ್ಲಿಗೆ ಹೋದರೆ ಈ ಊರನ್ನೂ ನೋಡಿಬನ್ನಿ. ನ್ಯೂಯಾರ್ಕ್ ನಗರದಿಂದ ಕಾರಿನಲ್ಲಿ ಸುಮಾರು ಐದು ಗಂಟೆಯ ದಾರಿ. ಟಿಕೆಟ್ ಕೊಂಡರೆ ಬಾಬ್‌ಸ್ಲೆಡ್‌ನಲ್ಲಿ ಕೂರಿಸುತ್ತಾರೆ. ಮುಂದೆ ಓಡಿಸುವವರು ಇರುತ್ತಾರೆ, ನೀವು ಹಿಡಿದುಕೊಂಡು ಕೂತರೆ ಸಾಕು. ಸ್ಕೇಟ್ ಬಾಡಿಗೆಗೂ ಸಿಗುತ್ತದೆ. ಬೀಳದೆ ಒಂದು ಸುತ್ತು ಬಂದವರು ನಮಗೊಂದು ಕಾಗದ ಬರೆಯಿರಿ.

ನಮಸ್ಕಾರ.